ಲಾರಿಯ ಸ್ಪೀಡ್ ಮೀಟರ್ ಮುಳ್ಳು ಏಳುತ್ತಿಲ್ಲವೇ? ಸೆನ್ಸರ್ ಕೊಳ್ಳುವ ಮುಂಚೆ ಇಷ್ಟು ನೋಡಿ

‘ಗಾಡಿ ಓಡ್ತಿದೆ, ಮುಳ್ಳು ಸೊನ್ನೆ ಬಿಟ್ಟು ಏಳ್ತಿಲ್ಲ. ಸೆನ್ಸರ್ ಹೊಸದು ಹಾಕಿಸಿದ್ರೂ ಅದೇ ಕಥೆ.’ ಸ್ವಂತ ಲಾರಿ ಇಟ್ಟುಕೊಂಡು ತಾವೇ ಓಡಿಸುವವರು ಈ ಮಾತನ್ನು ಮತ್ತೆ ಮತ್ತೆ ಬರೆಯುತ್ತಿದ್ದಾರೆ. ಮಳೆಗಾಲ ಶುರುವಾಗಿ ಶಿರಾಡಿ ಘಾಟಿಯಲ್ಲಿ ನಾಲ್ಕು ಟ್ರಿಪ್ ಹೊಡೆದ ಮೇಲಂತೂ ಇನ್ನೂ ಹೆಚ್ಚು. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಮುಳ್ಳು ಸತ್ತ ಕೂಡಲೇ ಎಲ್ಲರೂ ಸೆನ್ಸರ್ ಮೇಲೆ ಬೀಳುತ್ತಾರೆ, ಏಕೆಂದರೆ ಅಂಗಡಿಯಲ್ಲಿ ಸಿಗುವುದು ಅದೊಂದೇ. ಆದರೆ ಗೇರ್‌ಬಾಕ್ಸ್ ಹಿಂಬದಿಯಲ್ಲಿ ಕೆಸರು, ಧೂಳು, ಬಿಸಿ ಎಲ್ಲವನ್ನೂ ತಿನ್ನುವುದು ಅಲ್ಲಿನ ವೈರ್ ಮತ್ತು ಕಪ್ಲರ್ (ವೈರನ್ನು ಸೆನ್ಸರಿಗೆ ಜೋಡಿಸುವ ಪ್ಲಗ್). ಅಳೆದು ನೋಡದೆ ಸೆನ್ಸರ್ ಕೊಳ್ಳಬೇಡಿ. ಅಳೆಯುವುದಕ್ಕೆ ಅರ್ಧ ಗಂಟೆ ಸಾಕು.

ಈ ಸೆನ್ಸರ್ ಮಾಡುವ ಕೆಲಸ ಏನು

ಹಳೆಯ ಲಾರಿಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರ್ ಬೋರ್ಡಿನವರೆಗೆ ಉದ್ದನೆಯ ಸ್ಪೀಡೋ ಕೇಬಲ್ ತಿರುಗುತ್ತಿತ್ತು. ಈಗ ಆ ಜಾಗದಲ್ಲಿ ಸೆನ್ಸರ್ ಇದೆ. ಗೇರ್‌ಬಾಕ್ಸಿನ ಹಿಂತುದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಚಕ್ರಗಳ ಕಡೆಗೆ ಹೋಗುವ, ತಿರುಗುವ ಉದ್ದ ದಂಡ) ಸೇರುವ ಫ್ಲ್ಯಾಂಜ್ ಹತ್ತಿರ, ಸೆನ್ಸರಿನ ಮೂತಿ ಒಳಗಿನ ಹಲ್ಲಿನ ಚಕ್ರಕ್ಕೆ ಎದುರಾಗಿ ಕೂತಿರುತ್ತದೆ. ಒಂದೊಂದು ಹಲ್ಲು ದಾಟಿದಾಗಲೂ ಒಂದು ಪಲ್ಸ್, ಅಂದರೆ ಕರೆಂಟಿನ ಒಂದು ಮಿಡಿತ, ಹೊರಡುತ್ತದೆ. ಆ ಮಿಡಿತಗಳನ್ನು ಎಣಿಸಿ ಮೀಟರ್ ಬೋರ್ಡ್ ವೇಗವನ್ನೂ ಕಿಲೋಮೀಟರನ್ನೂ ತೋರಿಸುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಸೆನ್ಸರಿಗೇ ಒಂದು ಸಣ್ಣ ಪ್ಲಾಸ್ಟಿಕ್ ಪಿನಿಯನ್ (ಪುಟ್ಟ ಹಲ್ಲಿನ ಚಕ್ರ) ಇದ್ದು, ಅದು ತಿರುಗಿದರೆ ಮಾತ್ರ ಪಲ್ಸ್ ಬರುತ್ತದೆ.

ಈ ಸಿಗ್ನಲ್ ಮುಳ್ಳಿಗೆ ಮಾತ್ರ ಹೋಗುವುದಿಲ್ಲ. ಎಂಜಿನ್ನಿನ ಇಸಿಎಂಗೂ (ಎಂಜಿನ್ ನಡೆಸುವ ಕಂಪ್ಯೂಟರ್) ಸ್ಪೀಡ್ ಗವರ್ನರಿಗೂ (ವೇಗ ಮಿತಿ ದಾಟದಂತೆ ತಡೆಯುವ ಸಾಧನ) ಇದೇ ಬೇಕು. ಹಾಗಾಗಿ ಸೆನ್ಸರ್ ಕೈಕೊಟ್ಟರೆ ಚೆಕ್ ಎಂಜಿನ್ ದೀಪ ಹತ್ತಬಹುದು, ಗಾಡಿ ಎಳೆಯದೆ ಹೋಗಬಹುದು. ಕಿಲೋಮೀಟರ್ ಓಡದಿದ್ದರೆ ಡೀಸೆಲ್ ಆ್ಯವರೇಜ್ ಲೆಕ್ಕವೂ ತಪ್ಪುತ್ತದೆ, ಆಯಿಲ್ ಬದಲಿಸುವ ಲೆಕ್ಕವೂ ತಪ್ಪುತ್ತದೆ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಹೋದರೆ ಮೀಟರ್, ಗವರ್ನರ್ ಎರಡನ್ನೂ ನೋಡುತ್ತಾರೆ.

ಇದನ್ನು ಚಕ್ರದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಜೊತೆ ಬೆರೆಸಬೇಡಿ. ಅದು ಚಕ್ರದ ಹಬ್ಬಿನ ಹತ್ತಿರ ಇರುತ್ತದೆ, ಅದರ ಕೆಲಸ ಬ್ರೇಕಿಗೆ ಸಂಬಂಧಿಸಿದ್ದು. ಎಬಿಎಸ್ ದೀಪ ಉರಿಯುತ್ತಿದ್ದು ಮುಳ್ಳು ಸರಿಯಾಗಿ ಓಡುತ್ತಿದ್ದರೆ ತೊಂದರೆ ಚಕ್ರದ ಕಡೆ, ಗೇರ್‌ಬಾಕ್ಸ್ ಕಡೆ ಅಲ್ಲ. ಕೆಲವು ಹೊಸ ಗಾಡಿಗಳಲ್ಲಿ ವೇಗದ ಮಾಹಿತಿ ಎಬಿಎಸ್ ಯೂನಿಟ್‌ನಿಂದಲೇ ಬರುವುದುಂಟು. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಮೊದಲು ಆ ಕಡೆ ನೋಡಿ.

ಏನೇನು ಬೇಕು

ಡಿಜಿಟಲ್ ಮಲ್ಟಿಮೀಟರ್, ತೆಳು ಗುಂಡುಸೂಜಿ ಎರಡು, ಸುಮಾರು ಐದು ಮೀಟರ್ ಉದ್ದದ ಎರಡು ತೆಳು ವೈರ್, ಸ್ಪ್ಯಾನರ್ ಸೆಟ್, ತಂತಿ ಬ್ರಷ್, ಬನಿಯನ್ ವೇಸ್ಟ್ (ಒರೆಸುವ ಬಟ್ಟೆ ಚೂರು), ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಒಳ್ಳೆಯ ಟಾರ್ಚ್. ಚಕ್ರಕ್ಕೆ ಅಡ್ಡ ಕೊಡಲು ಮರದ ದಿಮ್ಮಿ ನಾಲ್ಕು. ನಿಮ್ಮ ಮಾಡೆಲ್‌ನ ವೈರಿಂಗ್ ಚಾರ್ಟ್ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಯಾವ ಪಿನ್ ಯಾವುದು ಎಂದು ಊಹಿಸುವ ಗೋಜಿರುವುದಿಲ್ಲ.

ಟೆಸ್ಟ್ ಲ್ಯಾಂಪ್ ಬೇಡ. ಹೆಡ್‌ಲೈಟ್ ವೈರಿಗೆ ಅದು ಸರಿ. ಸೆನ್ಸರ್ ವೈರಿಗೆ ಹಚ್ಚಿದರೆ ಅದು ಎಳೆಯುವ ಕರೆಂಟಿಗೆ ಇಸಿಎಂ ಒಳಗಿನ ಸರ್ಕ್ಯೂಟೇ ಹೋಗಬಹುದು.

1. ಗಾಡಿ ನಿಲ್ಲಿಸುವುದು

ಇದನ್ನು ಓದದೆ ಮುಂದೆ ಹೋಗಬೇಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹೆದ್ದಾರಿ ಅಂಚಿನಲ್ಲಿ ಈ ಕೆಲಸ ಬೇಡವೇ ಬೇಡ. ಹ್ಯಾಂಡ್ ಬ್ರೇಕ್ ಹಾಕಿ, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಎರಡೂ ಕಡೆ ದಿಮ್ಮಿ ಕೊಡಿ. ಕೀ ನಿಮ್ಮ ಜೇಬಿನಲ್ಲಿರಲಿ. ನೀವು ಕೆಳಗೆ ಮಲಗಿರುವಾಗ ಕ್ಲೀನರ್ ಹುಡುಗ ಹಾಡು ಕೇಳಲು ಕೀ ತಿರುಗಿಸಬಾರದು. ಗಾಡಿ ಆಗಷ್ಟೇ ಬಂದು ನಿಂತಿದ್ದರೆ ಒಂದು ಗಂಟೆ ಬಿಡಿ. ಗೇರ್‌ಬಾಕ್ಸ್ ಮತ್ತು ಸೈಲೆನ್ಸರ್ ಪೈಪ್ ಕೈ ಸುಡುತ್ತವೆ. ಏರ್ ಸಸ್ಪೆನ್ಷನ್ ಇರುವ ಗಾಡಿಯಾದರೆ ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಡದೆ ಒಳಗೆ ಹೋಗಬೇಡಿ.

2. ಲಕ್ಷಣ ಓದುವುದು

ಸ್ಪ್ಯಾನರ್ ಹಿಡಿಯುವ ಮುಂಚೆ ತೊಂದರೆ ಯಾವಾಗ ಬರುತ್ತದೆ ಎಂದು ನೆನಪಿಸಿಕೊಳ್ಳಿ. ಹೊಂಡ ಬಿದ್ದ ರಸ್ತೆಯಲ್ಲಿ ಮುಳ್ಳು ಬಿದ್ದು ಎದ್ದು ಮಾಡಿದರೆ ಕಪ್ಲರ್ ಸಡಿಲ ಅಥವಾ ವೈರ್ ಒಳಗೆ ತುಂಡಾಗಿದೆ. ಮಳೆಯಲ್ಲಿ ಮಾತ್ರ ಸತ್ತು ಒಣಗಿದ ಮೇಲೆ ಬದುಕಿದರೆ ಕಪ್ಲರಿಗೆ ನೀರು ಇಳಿದಿದೆ. ಬೆಳಗ್ಗೆ ಸರಿಯಿದ್ದು ಎರಡು ಗಂಟೆ ಓಡಿದ ಮೇಲೆ, ಗೇರ್‌ಬಾಕ್ಸ್ ಕಾದಾಗ ಕೆಟ್ಟರೆ, ಆಗ ಸೆನ್ಸರ್ ಮೇಲೆಯೇ ಹೆಚ್ಚು ಅನುಮಾನ ಪಡಬೇಕು. ಗಾಡಿ ನಿಂತಿದ್ದು ಎಂಜಿನ್ ಮಾತ್ರ ಓಡುವಾಗ ಮುಳ್ಳು 10–20ರಲ್ಲಿ ಕುಣಿದರೆ ಅರ್ತ್ (ಕರೆಂಟ್ ಚಾಸಿಸ್ ಮೂಲಕ ಹಿಂತಿರುಗುವ ದಾರಿ) ಸರಿಯಿಲ್ಲ, ಇಲ್ಲವೇ ಸಿಗ್ನಲ್ ವೈರ್ ಆಲ್ಟರ್ನೇಟರ್ ವೈರಿಗೆ ಅಂಟಿಕೊಂಡು ಓಡುತ್ತಿದೆ.

ಮುಳ್ಳು ಕುಣಿಯದೆ ಯಾವಾಗಲೂ ಒಂದೇ ಲೆಕ್ಕದಲ್ಲಿ ಹೆಚ್ಚು ಅಥವಾ ಕಡಿಮೆ ತೋರಿಸುತ್ತಿದ್ದರೆ ಸೆನ್ಸರ್ ಕೆಟ್ಟಿಲ್ಲ. ಟೈರ್ ಸೈಜ್ ಬದಲಾಗಿದೆಯೇ, ಹಿಂದಿನ ಆಕ್ಸಲ್ ಹೌಸಿಂಗಿಗೆ ಬೇರೆ ರೇಶಿಯೋದ ಕ್ರೌನ್–ಪಿನಿಯನ್ (ಶಾಫ್ಟಿನ ತಿರುಗುವಿಕೆಯನ್ನು ಚಕ್ರಕ್ಕೆ ಕೊಡುವ ಹಲ್ಲಿನ ಚಕ್ರಗಳ ಜೋಡಿ) ಹಾಕಿಸಿದ್ದೀರಾ, ಬೇರೆ ಪಲ್ಸಿನ ಸೆನ್ಸರ್ ಹಾಕಿದ್ದಾರಾ ನೋಡಿ.

ಸ್ಕ್ಯಾನರ್ ಇರುವ ಎಲೆಕ್ಟ್ರಿಷಿಯನ್ ಹತ್ತಿರದಲ್ಲಿದ್ದರೆ ಕೋಡ್ ತೆಗೆಸಿ. ಭಾರಿ ವಾಹನಗಳಲ್ಲಿ ವಾಹನದ ವೇಗಕ್ಕೆ ಸಂಬಂಧಿಸಿದ ದೋಷ ಸಾಮಾನ್ಯವಾಗಿ ಎಸ್‌ಪಿಎನ್ 84 ಎಂದು ಬರುತ್ತದೆ. ಎಸ್‌ಪಿಎನ್ ಅಂದರೆ ಯಾವ ವಿಷಯದಲ್ಲಿ ದೋಷ ಎಂದು ಹೇಳುವ ಸಂಖ್ಯೆ. ಜೊತೆಗಿರುವ ಎಫ್‌ಎಂಐ ಸಂಖ್ಯೆ ದೋಷ ಯಾವ ಬಗೆಯದು ಎನ್ನುತ್ತದೆ: 2 ಬಂದರೆ ಸಿಗ್ನಲ್ ಅಸ್ಥಿರ, 3 ಬಂದರೆ ವೋಲ್ಟೇಜ್ ಹೆಚ್ಚು, 4 ಬಂದರೆ ವೋಲ್ಟೇಜ್ ಕಡಿಮೆ, 5 ಬಂದರೆ ಸರ್ಕ್ಯೂಟ್ ತುಂಡಾಗಿರಬಹುದು, 8 ಬಂದರೆ ಪಲ್ಸಿನ ಲಯ ಸರಿಯಿಲ್ಲ. ‘ಎಸ್‌ಪಿಎನ್ 84 ಬಂತು, ಸೆನ್ಸರ್ ಹೋಗಿದೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವೇಗದ ಸಿಗ್ನಲ್‌ನಲ್ಲಿ ತೊಂದರೆ ಇದೆ ಎಂಬಷ್ಟೇ ಅದರ ಅರ್ಥ. ಹಾಗೆಯೇ ಲೈವ್ ಡೇಟಾದಲ್ಲಿ, ಅಂದರೆ ಗಾಡಿ ಓಡುವಾಗಲೇ ಸ್ಕ್ಯಾನರ್ ತೋರಿಸುವ ಅಂಕಿಗಳಲ್ಲಿ, ವೇಗ ಸರಿಯಾಗಿ ಬಂದು ಮುಳ್ಳು ಮಾತ್ರ ಸತ್ತಿದ್ದರೆ ತೊಂದರೆ ಮೀಟರ್ ಬೋರ್ಡಿನಲ್ಲಿದೆ.

3. ಸರಿಯಾದ ಸೆನ್ಸರ್ ಗುರುತಿಸುವುದು

ಗೇರ್‌ಬಾಕ್ಸ್ ಮೇಲೆ ರಿವರ್ಸ್ ಸ್ವಿಚ್, ನ್ಯೂಟ್ರಲ್ ಸ್ವಿಚ್, ಸ್ಪೀಡ್ ಸೆನ್ಸರ್ ಮೂರೂ ಇರಬಹುದು. ಕೆಸರು ಮೆತ್ತಿಕೊಂಡಾಗ ಮೂರೂ ಒಂದೇ ಥರ ಕಾಣುತ್ತವೆ. ರಿವರ್ಸ್ ಸ್ವಿಚ್ ಬಿಚ್ಚಿ ಸೆನ್ಸರ್ ಎಂದು ಅಂಗಡಿಗೆ ಒಯ್ದವರಿದ್ದಾರೆ. ಸ್ವಿಚ್‌ಗಳು ಗೇರ್ ಹಾಕುವ ಕವರ್ ಹತ್ತಿರ ಇರುತ್ತವೆ, ಸ್ಪೀಡ್ ಸೆನ್ಸರ್ ಹಿಂತುದಿಯಲ್ಲಿರುತ್ತದೆ. ಅನುಮಾನವಿದ್ದರೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ರಿವರ್ಸ್ ಗೇರ್ ಹಾಕಿ, ಕಪ್ಲರ್ ತೆಗೆದು ನೋಡಿ. ಹಿಂದಿನ ಬಿಳಿ ದೀಪ ಆರಿದರೆ ನೀವು ಹಿಡಿದಿರುವುದು ಸ್ವಿಚ್.

ಪಿನ್ ಎಷ್ಟು ಎಂದೂ ಎಣಿಸಿ. ಮೂರಿದ್ದರೆ ಸಾಮಾನ್ಯವಾಗಿ ಅದು ಹಾಲ್ ಸೆನ್ಸರ್ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಬಗೆ). ಅದಕ್ಕೆ ಹೊರಗಿನಿಂದ ಕರೆಂಟ್ ಬೇಕು: ಒಂದು ಸಪ್ಲೈ, ಒಂದು ಅರ್ತ್, ಒಂದು ಸಿಗ್ನಲ್. ಎರಡಿದ್ದರೆ ಹೆಚ್ಚಾಗಿ ಅದು ಅಯಸ್ಕಾಂತಕ್ಕೆ ಸುರುಳಿ ಸುತ್ತಿದ ಬಗೆ, ತನ್ನ ಕರೆಂಟನ್ನು ತಾನೇ ಹುಟ್ಟಿಸುತ್ತದೆ. ಎರಡನ್ನೂ ಅಳೆಯುವ ಕ್ರಮ ಬೇರೆ ಬೇರೆ.

4. ಕಪ್ಲರ್ ನೋಡುವುದು

ಇಲ್ಲಿ ಅವಸರ ಬೇಡ. ನನ್ನ ಅನುಭವದಲ್ಲಿ ಹೆಚ್ಚಿನ ತೊಂದರೆ ಸಿಕ್ಕಿರುವುದು ಇಲ್ಲಿಯೇ.

ಸುತ್ತಲಿನ ಕೆಸರು ಕೆರೆದು, ಕಪ್ಲರಿನ ಲಾಕ್ ಸರಿಸಿ, ಕಪ್ಲರನ್ನೇ ಹಿಡಿದು ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಒಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್ ಮೇಲೆ ಹಸಿರು ಕಿಲುಬು ಕಂಡರೆ ನೀರು ಕುಡಿದಿದೆ. ಗೇರ್ ಆಯಿಲ್ ತುಂಬಿದ್ದರೆ ಸೆನ್ಸರ್ ಒಡೆದು ಅದರ ಮೈಯೊಳಗಿಂದಲೇ ಆಯಿಲ್ ಬಂದಿದೆ, ಆ ಸೆನ್ಸರ್ ಮುಗಿದಂತೆ. ಕಪ್ಲರಿನ ರಬ್ಬರ್ ಸೀಲ್ ಇದೆಯೇ ನೋಡಿ. ಯಾರೋ ಹಿಂದೆ ಬಿಚ್ಚಿದಾಗ ಬಿದ್ದುಹೋಗಿರುತ್ತದೆ.

ಆಮೇಲೆ ಪಿನ್‌ಗಳ ಮಟ್ಟ ನೋಡಿ. ಎರಡು ವರ್ಷದ ಹಿಂದೆ ನನ್ನ ಕೈಗೆ ಬಂದ ಒಂದು ಟಿಪ್ಪರಿಗೆ ಆಗಲೇ ಎರಡು ಹೊಸ ಸೆನ್ಸರ್ ಹಾಕಿಯಾಗಿತ್ತು. ಕಪ್ಲರ್ ತಿರುಗಿಸಿ ನೋಡಿದರೆ ಮಧ್ಯದ ಪಿನ್ ಉಳಿದೆರಡಕ್ಕಿಂತ ಎರಡು ಮಿಲಿಮೀಟರ್ ಹಿಂದೆ ಸರಿದಿತ್ತು. ಕಪ್ಲರ್ ‘ಕಟ್’ ಎಂದು ಕೂರುತ್ತಿತ್ತು, ಆದರೆ ಆ ಪಿನ್ ಮುಟ್ಟುತ್ತಿರಲಿಲ್ಲ. ಹಿಂದಿನಿಂದ ಒತ್ತಿ ಲಾಕ್ ಆಗುವಂತೆ ಕೂರಿಸಿದ ಮೇಲೆ ಹಳೆಯ ಸೆನ್ಸರಿನಲ್ಲೇ ಮುಳ್ಳು ಎದ್ದಿತು.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ. ಕಪ್ಲರಿನಿಂದ ಹಿಂದಕ್ಕೆ ಒಂದು ಮೀಟರ್‌ವರೆಗೆ ವೈರನ್ನು ಕೈಯಲ್ಲಿ ಸವರಿಕೊಂಡು ಹೋಗಿ. ಚಾಸಿಸ್ ಅಂಚಿಗೆ ಉಜ್ಜಿದ ಜಾಗ, ಸೈಲೆನ್ಸರ್ ಬಿಸಿಗೆ ಕರಗಿದ ಜಾಗ, ಇಲಿ ಕಡಿದ ಜಾಗ ಬೆರಳಿಗೆ ಸಿಗುತ್ತವೆ.

ಇನ್ನೊಂದು ಜಾಗ ಮೀಟರ್ ಬೋರ್ಡಿನ ಹಿಂದೆ. ಆಮೇಲೆ ಹೊರಗೆ ಹಾಕಿಸಿದ ಸ್ಪೀಡ್ ಗವರ್ನರ್ ಇದ್ದರೆ ಅದಕ್ಕೆ ಸಿಗ್ನಲ್ ವೈರಿನಿಂದಲೇ ಕವಲು ತೆಗೆದಿರುತ್ತಾರೆ. ಬರೀ ಸುತ್ತಿ ಟೇಪ್ ಹೊಡೆದ ಜಾಯಿಂಟ್ ವರ್ಷ ಕಳೆದರೆ ಸಡಿಲವಾಗುತ್ತದೆ, ಸೆನ್ಸರ್ ಮೇಲೆ ಅಪವಾದ ಬರುತ್ತದೆ. ಆ ಜಾಯಿಂಟ್ ಸೀಲ್ ಹಾಕಿದ ಭಾಗದಲ್ಲಿದ್ದರೆ ನೀವು ಮುಟ್ಟಬೇಡಿ, ಗವರ್ನರ್ ಹಾಕಿದ ಅಧಿಕೃತ ಸೆಂಟರಿನವರಿಂದಲೇ ತೆಗೆಸಿ.

5. ಮೂರು ಪಿನ್ನಿನ ಸೆನ್ಸರ್ ಅಳೆಯುವುದು

ಕಪ್ಲರ್ ಬಿಚ್ಚಿಯೇ ಇರಲಿ. ಕೀ ಆನ್, ಎಂಜಿನ್ ಆಫ್. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಗಾಡಿ ಕಡೆಯ ಕಪ್ಲರಿನಲ್ಲಿ ಸಪ್ಲೈ ಮತ್ತು ಅರ್ತ್ ಪಿನ್ ನಡುವೆ ಅಳೆಯಿರಿ. ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಮಾಡೆಲ್ ನೋಡಿಕೊಂಡು ಈ ಪಿನ್ನಿಗೆ ಪೂರ್ತಿ 24 ಬರಬಹುದು, ಅಥವಾ ಇಸಿಎಂ ಇಳಿಸಿ ಕೊಡುವ 5, 8, 12 ವೋಲ್ಟ್ ಬರಬಹುದು. ಏನೂ ಬರದಿದ್ದರೆ ಮಲ್ಟಿಮೀಟರಿನ ಕಪ್ಪು ತುದಿಯನ್ನು ಚಾಸಿಸ್ಸಿನ ಕೆರೆದ ಕಬ್ಬಿಣಕ್ಕೆ ಮುಟ್ಟಿಸಿ ಮತ್ತೆ ನೋಡಿ. ಈಗ ವೋಲ್ಟ್ ಬಂದರೆ ಅರ್ತ್ ವೈರ್ ತುಂಡಾಗಿದೆ. ಆಗಲೂ ಬರದಿದ್ದರೆ ಫ್ಯೂಸ್, ಆಮೇಲೆ ಸಪ್ಲೈ ವೈರ್ ನೋಡಿ. ಎರಡೂ ಸಂದರ್ಭದಲ್ಲಿ ಸೆನ್ಸರ್ ತಪ್ಪಿಲ್ಲ, ಹೊಸದು ಹಾಕಿದರೂ ಓಡುವುದಿಲ್ಲ.

ಸಪ್ಲೈ ಸರಿಯಿದ್ದರೆ ಕೀ ಆಫ್ ಮಾಡಿ ಕಪ್ಲರ್ ಹಾಕಿ. ಸಿಗ್ನಲ್ ಮತ್ತು ಅರ್ತ್ ಪಿನ್‌ಗಳಿಗೆ ಕಪ್ಲರಿನ ಹಿಂಬದಿಯಿಂದ ಗುಂಡುಸೂಜಿ ಇಳಿಸಿ, ಸೂಜಿಗೆ ಉದ್ದ ವೈರ್ ಕಟ್ಟಿ, ಮಲ್ಟಿಮೀಟರನ್ನು ಕ್ಯಾಬಿನ್ನಿಗೆ ತನ್ನಿ. ವೈರ್ ಪ್ರೊಪೆಲ್ಲರ್ ಶಾಫ್ಟಿಗೆ ತಗಲದಂತೆ ಚಾಸಿಸ್ಸಿಗೆ ಕಟ್ಟಿ. ಸೂಜಿಗಳು ಒಂದಕ್ಕೊಂದು ತಗಲದಿರಲಿ. ವೈರಿನ ಮೈಗೆ ಸೂಜಿ ಚುಚ್ಚಬೇಡಿ. ಆ ತೂತಿನಿಂದ ನೀರು ಇಳಿದು ಆರು ತಿಂಗಳಲ್ಲಿ ತಾಮ್ರ ಪುಡಿಯಾಗುತ್ತದೆ.

ಕೆಳಗೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಿ, ದಿಮ್ಮಿ ತೆಗೆದು, ಖಾಲಿ ಯಾರ್ಡಿನಲ್ಲಿ ಒಂದನೇ ಗೇರಿನಲ್ಲಿ ಆಮೆ ವೇಗದಲ್ಲಿ ಬಿಡಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಮಲ್ಟಿಮೀಟರ್ ನೋಡಲಿ. ಗಾಡಿ ನಿಂತಾಗ ಮಲ್ಟಿಮೀಟರ್ ಸೊನ್ನೆಯ ಹತ್ತಿರ ಇಲ್ಲವೇ ಪೂರ್ತಿ ವೋಲ್ಟ್ ತೋರಿಸುತ್ತದೆ, ಎರಡರಲ್ಲಿ ಒಂದು. ಚಲಿಸತೊಡಗಿದ ಕೂಡಲೇ ಅಂಕಿ ಕುಣಿಯಬೇಕು; ವೇಗ ಸ್ವಲ್ಪ ಏರಿದರೆ ನಡುವೆ ಎಲ್ಲೋ ನಿಲ್ಲಬೇಕು. ಹಾಗಾದರೆ ಪಲ್ಸ್ ಬರುತ್ತಿದೆ, ಸೆನ್ಸರ್ ಬದುಕಿದೆ, ತೊಂದರೆ ಮುಂದಿನ ವೈರಿನಲ್ಲಿ ಅಥವಾ ಮೀಟರ್ ಬೋರ್ಡಿನಲ್ಲಿ. ಗಾಡಿ ಚಲಿಸಿದರೂ ಅಂಕಿ ಕದಲದಿದ್ದರೆ ಸೆನ್ಸರ್ ಕೆಟ್ಟಿರಬಹುದು, ಪಿನಿಯನ್ ಸವೆದಿರಬಹುದು, ಇಲ್ಲವೇ ಸಿಗ್ನಲ್ ವೈರ್ ಎಲ್ಲೋ ಚಾಸಿಸ್ಸಿಗೆ ತಗಲಿ ಅರ್ತ್ ಆಗಿರಬಹುದು.

ಕೊನೆಯದನ್ನು ತಳ್ಳಿಹಾಕಲು ಬ್ಯಾಟರಿ ಕಟ್-ಆಫ್ ಮಾಡಿ, ಸೆನ್ಸರ್ ಕಪ್ಲರ್ ಮತ್ತು ಮೀಟರ್ ಬೋರ್ಡಿನ ಕಪ್ಲರ್ ಎರಡನ್ನೂ ಬಿಚ್ಚಿ, ಸಿಗ್ನಲ್ ವೈರಿನ ಎರಡು ತುದಿಯ ನಡುವೆ ಓಮ್ ಅಳೆಯಿರಿ. ಒಂದು ಓಮಿನ ಆಸುಪಾಸು ಇರಬೇಕು. ಅದೇ ವೈರ್ ಮತ್ತು ಚಾಸಿಸ್ ನಡುವೆ ಸೊನ್ನೆಯ ಹತ್ತಿರದ ಓಮ್ ಬರಬಾರದು; ಬಂದರೆ ವೈರ್ ಅರ್ತ್ ಆಗಿದೆ. ಅಳೆಯುವಾಗ ಇನ್ನೊಬ್ಬರು ವೈರಿಂಗನ್ನು ಅಲ್ಲಾಡಿಸುತ್ತಾ ಹೋಗಲಿ. ಒಳಗೇ ತುಂಡಾದ ತಾಮ್ರ ಸುಮ್ಮನಿದ್ದಾಗ ಸರಿ ತೋರಿಸಿ ಅಲ್ಲಾಡಿದಾಗ ಸಿಕ್ಕಿಬೀಳುತ್ತದೆ. ಇಸಿಎಂ ಕಪ್ಲರನ್ನು ಮಾತ್ರ ಕೀ ಆನ್ ಇರುವಾಗ ಎಂದೂ ಎಳೆಯಬೇಡಿ.

ಮೂರು ಪಿನ್ನಿನ ಸೆನ್ಸರಿಗೆ ಓಮ್ ಹಿಡಿದು ‘ಓಪನ್ (ಒಳಗೆ ಸಂಪರ್ಕವೇ ಇಲ್ಲ ಎಂದು) ತೋರಿಸ್ತಿದೆ, ಹೋಗಿದೆ’ ಎನ್ನುವುದು ತಪ್ಪು. ಒಳಗಿರುವುದು ಎಲೆಕ್ಟ್ರಾನಿಕ್ ಚಿಪ್, ಅದನ್ನು ಓಮ್‌ನಲ್ಲಿ ಪರೀಕ್ಷಿಸಲಾಗದು.

6. ಎರಡು ಪಿನ್ನಿನದಾದರೆ

ಕಪ್ಲರ್ ಬಿಚ್ಚಿ ಸೆನ್ಸರಿನ ಎರಡು ಪಿನ್ ನಡುವೆ ಓಮ್ ಅಳೆಯಿರಿ. ಕೆಲವು ನೂರರಿಂದ ಒಂದೆರಡು ಸಾವಿರ ಓಮ್‌ವರೆಗೆ ಮಾಡೆಲ್ ಪ್ರಕಾರ ಬರುತ್ತದೆ. ಚಾರ್ಟಿನ ಅಂಕಿಗೆ ಹೋಲಿಸಿ. ಓಪನ್ ಬಂದರೆ ಸುರುಳಿ ತುಂಡಾಗಿದೆ. ಯಾವ ಪಿನ್ನೂ ಸೆನ್ಸರಿನ ಲೋಹದ ಮೈಗೆ ತಗಲಿರಬಾರದು. ಆಮೇಲೆ ಎಸಿ ವೋಲ್ಟಿಗೆ ಇಟ್ಟು ಗಾಡಿ ಮೆಲ್ಲಗೆ ಓಡಿಸಿದರೆ ವೇಗದ ಜೊತೆ ವೋಲ್ಟ್ ಏರಬೇಕು.

7. ಹೊಸ ಸೆನ್ಸರ್ ತರುವುದು

ಅಳೆದಾಯಿತು, ಸೆನ್ಸರ್ ಹೋಗಿದೆ ಎಂದು ಖಾತ್ರಿಯಾಯಿತು. ಈಗ ಹಳೆಯದರ ಪಾರ್ಟ್ ನಂಬರ್ ಬರೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೂ ನಿಮ್ಮೂರಿನ ಅಂಗಡಿಗೆ ಹೋದರೂ ‘ಇಂಥ ಕಂಪನಿಯ ಹತ್ತು ಚಕ್ರದ್ದು’ ಎಂದಷ್ಟೇ ಕೇಳಬೇಡಿ, ನಂಬರ್ ಕೊಡಿ. ಹೊಸದು ಸಿಕ್ಕಿದ ಮೇಲೆ ಹಳೆಯದರ ಪಕ್ಕ ಇಟ್ಟು ಮರೆಯ (ತಿರುಪಿನ ಸುರುಳಿ ಗೆರೆ, ಥ್ರೆಡ್) ಅಳತೆ, ಕಪ್ಲರ್ ಆಕಾರ, ಮೂತಿಯ ಉದ್ದ ನೋಡಿ. ಮೂತಿ ಉದ್ದವಾದರೆ ಒಳಗಿನ ಹಲ್ಲಿಗೆ ಬಡಿದು ಪುಡಿಯಾಗುತ್ತದೆ, ಗಿಡ್ಡವಾದರೆ ಪಲ್ಸೇ ಬರುವುದಿಲ್ಲ.

ಕಣ್ಣಿಗೆ ಕಾಣದ್ದು ಪಲ್ಸಿನ ಸಂಖ್ಯೆ. 10.00 ಆರ್ 20 ಟೈರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಹೋಗುತ್ತದೆ ಎನ್ನಿ. ಕಿಲೋಮೀಟರಿಗೆ ಸುಮಾರು 312 ಸುತ್ತು. ಹೌಸಿಂಗ್ ರೇಶಿಯೋ 6 ಆದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನದು ಆರು ಸುತ್ತಾದರೆ, ಪ್ರೊಪೆಲ್ಲರ್ ಶಾಫ್ಟ್ ಹೆಚ್ಚುಕಡಿಮೆ 1,870 ಸುತ್ತು ತಿರುಗುತ್ತದೆ. ಶಾಫ್ಟಿನ ಸುತ್ತಿಗೆ 8 ಪಲ್ಸ್ ಬಂದರೆ ಕಿಲೋಮೀಟರಿಗೆ 15,000ದ ಹತ್ತಿರ. ಮೀಟರ್ ಬೋರ್ಡಿಗೆ ಈ ಲೆಕ್ಕ ತುಂಬಿರುತ್ತದೆ. ಪಿನಿಯನ್ ಬಗೆಯಲ್ಲಿ 8ರ ಜಾಗಕ್ಕೆ 4 ಪಲ್ಸಿನ ಸೆನ್ಸರ್ ಹಾಕಿದರೆ ಗಾಡಿ 60ರಲ್ಲಿ ಓಡುವಾಗ ಮುಳ್ಳು 30 ತೋರಿಸುತ್ತದೆ. ಇದು ಗವರ್ನರನ್ನೂ ದಾರಿ ತಪ್ಪಿಸುತ್ತದೆ, ಆದ್ದರಿಂದ ಅಪಾಯ.

8. ಬಿಚ್ಚುವುದು, ಹಾಕುವುದು

ದಿಮ್ಮಿಗಳನ್ನು ಮತ್ತೆ ಕೊಡಿ. ಕೀ ಆಫ್ ಮಾಡಿ ಬ್ಯಾಟರಿ ಕಟ್-ಆಫ್ ಮಾಡಿ. ಬಿಎಸ್-6 ಗಾಡಿಯಾದರೆ ಕೀ ಆಫ್ ಮಾಡಿ ಒಂದೆರಡು ನಿಮಿಷ ಕಾದು ಆಮೇಲೆ ಕಟ್-ಆಫ್ ಮಾಡಿ. ಪೈಪಿನಲ್ಲಿರುವ ಡಿಇಎಫ್ ದ್ರಾವಣವನ್ನು (ಹೊಗೆ ಶುದ್ಧ ಮಾಡಲು ಬಳಸುವ ಯೂರಿಯಾ ನೀರು) ಪಂಪ್ ಹಿಂದಕ್ಕೆ ಎಳೆದುಕೊಳ್ಳಲು ಆ ಸಮಯ ಬೇಕು.

ಸೆನ್ಸರಿನ ಬುಡವನ್ನು ಬ್ರಷ್ ಮತ್ತು ಗಾಳಿಯಿಂದ ಚೆನ್ನಾಗಿ ಸ್ವಚ್ಛ ಮಾಡಿ. ಸೆನ್ಸರ್ ಹೊರಬಂದ ಕ್ಷಣ ಅಲ್ಲಿನ ಮರಳು ನೇರ ಗೇರ್‌ಬಾಕ್ಸಿಗೆ ಬೀಳುತ್ತದೆ. ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಬೋಲ್ಟಿನ ಬಗೆಯಾದರೆ ಬೋಲ್ಟ್ ತೆಗೆದು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಮೇಲೆತ್ತಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮೂತಿ ಒಳಗೇ ಮುರಿದುಕೊಳ್ಳುತ್ತದೆ, ಆಮೇಲೆ ಹಿಂಬದಿಯ ಕವರನ್ನೇ ಬಿಚ್ಚಬೇಕಾದೀತು. ಸ್ವಲ್ಪ ಆಯಿಲ್ ಸುರಿಯಬಹುದು, ಕೆಳಗೆ ಡಬ್ಬಿ ಇಡಿ.

ಹೊರಬಂದ ಮೂತಿಯನ್ನು ಗಮನಿಸಿ. ಕಾಡಿಗೆಯಂಥ ನುಣುಪು ಕಪ್ಪು ಪೇಸ್ಟ್ ಅಂಟಿದ್ದರೆ ಅದು ಗೇರಿನ ಸಹಜ ಸವೆತ. ದಪ್ಪಗೆ ಮೆತ್ತಿಕೊಂಡಾಗ ಸಿಗ್ನಲ್ ಕೆಡುವುದೂ ಉಂಟು. ಒರೆಸಿ, ಹಳೆಯದನ್ನೇ ಒಮ್ಮೆ ಹಾಕಿ ನೋಡಲು ಅಡ್ಡಿಯಿಲ್ಲ. ಆದರೆ ಉಗುರಿನ ತುಂಡಿನಷ್ಟು ಕಬ್ಬಿಣದ ಚೂರು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ಗೇರ್‌ಬಾಕ್ಸ್ ಮೆಕ್ಯಾನಿಕ್ಕಿಗೆ ತೋರಿಸಿ. ಪಿನಿಯನ್ ಬಗೆಯಾದರೆ ಅದರ ಹಲ್ಲುಗಳ ಮೇಲೆ ಉಗುರು ಆಡಿಸಿ, ಸವೆದಿದ್ದರೆ ಬರೀ ಪಿನಿಯನ್ ಬದಲಿಸಿದರೆ ಸಾಕು.

ಹಳೆಯ ಓ-ರಿಂಗ್, ಅಂದರೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ, ಸೆನ್ಸರ್ ಜೊತೆ ಬಂದಿದೆಯೇ? ತೂತಿನಲ್ಲೇ ಉಳಿದಿದ್ದರೆ ತೆಗೆಯಿರಿ. ಅದರ ಮೇಲೆ ಹೊಸದು ಕೂತರೆ ಆಯಿಲ್ ಸೋರುತ್ತದೆ.

ಹೊಸ ಓ-ರಿಂಗಿಗೆ ಗೇರ್ ಆಯಿಲ್ ಸವರಿ ಸೆನ್ಸರ್ ಇಳಿಸಿ. ಮರೆಯ ಬಗೆಯಾದರೆ ಮೊದಲ ಮೂರು ನಾಲ್ಕು ಸುತ್ತು ಬರಿಗೈಯಿಂದ ತಿರುಗಬೇಕು. ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂ ಆಗಿದ್ದರೆ ಅಡ್ಡಮರೆ ಹಿಡಿಯಲು, ಅಂದರೆ ಓರೆಯಾಗಿ ಕಚ್ಚಿ ಮರೆ ಹಾಳಾಗಲು, ಸ್ಪ್ಯಾನರಿನ ಒಂದೇ ಎಳೆತ ಸಾಕು. ಸಣ್ಣ 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಒಳಗಿನ ಬಿಗಿ ಸಾಕು, ಅಂದರೆ ಗಿಡ್ಡ ಸ್ಪ್ಯಾನರಿನ ಕೈಬಿಗಿ. ಪೈಪ್ ಹಾಕಿ ಎಳೆಯಬೇಡಿ. ಲಾಕ್ ನಟ್ ಇದ್ದು ಅಂತರ ಹೊಂದಿಸುವ ಬಗೆಯಾದರೆ, ತೂತಿನಲ್ಲಿ ಕಾಣುವುದು ಹಲ್ಲಿನ ನೆತ್ತಿಯೋ ಎರಡು ಹಲ್ಲಿನ ನಡುವಿನ ಸಂದೋ ನೋಡಿಕೊಳ್ಳಿ. ಸಂದಿನಲ್ಲಿ ಅಂತರ ಇಟ್ಟರೆ ಮುಂದಿನ ಹಲ್ಲು ಬಂದು ಬಡಿಯುತ್ತದೆ. ಎಷ್ಟು ಅಂತರ ಎಂಬುದು ಕಂಪನಿ ಪುಸ್ತಕದ ಅಂಕಿಯೇ ಇರಲಿ.

ಕಪ್ಲರ್ ಹಾಕಿ ಲಾಕ್ ಮಾಡಿ. ವೈರ್ ಕಪ್ಲರಿಗಿಂತ ಕೆಳಗೆ ಬಾಗಿ ಮೇಲೇರುವಂತೆ ಕಟ್ಟಿ. ಹರಿದುಬಂದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಕಪ್ಲರಿಗೆ ಇಳಿಯುವುದಿಲ್ಲ. ಸೈಲೆನ್ಸರ್ ಮತ್ತು ಪ್ರೊಪೆಲ್ಲರ್ ಶಾಫ್ಟಿನಿಂದ ದೂರವಿರಲಿ. ಗೇರ್ ಆಯಿಲ್ ಮಟ್ಟವನ್ನು ಲೆವೆಲ್ ಪ್ಲಗ್ ತೆಗೆದು ನೋಡಿ.

9. ಓಡಿಸಿ ನೋಡುವುದು

ಕೋಡ್ ಅಳಿಸಿ, ಫೋನಿನಲ್ಲಿ ಜಿಪಿಎಸ್ ವೇಗ ತೋರಿಸುವ ಆ್ಯಪ್ ಹಾಕಿಕೊಂಡು ನೇರ ರಸ್ತೆಯಲ್ಲಿ 40 ಮತ್ತು 60ರಲ್ಲಿ ಹೋಲಿಸಿ. ಫೋನ್ ನೋಡುವ ಕೆಲಸ ಪಕ್ಕದವರದ್ದು. ಮೀಟರ್ ಒಂದೆರಡು ಕಿಲೋಮೀಟರ್ ಹೆಚ್ಚು ತೋರಿಸುವುದು ಸಹಜ, ಕಡಿಮೆ ತೋರಿಸಬಾರದು. ಕಿಲೋಮೀಟರ್ ಅಂಕಿಯೂ ಏರುತ್ತಿದೆಯೇ ನೋಡಿ.

ಕೆಲವರು ಇದೇ ಸೆನ್ಸರ್ ವೈರ್ ಕತ್ತರಿಸಿ ಗವರ್ನರ್ ತಪ್ಪಿಸುವ ದಾರಿ ಕೇಳುತ್ತಾರೆ. ಹೇಳುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮದ ಪ್ರಕಾರ ಸರಕು ಲಾರಿಗೆ ಗಂಟೆಗೆ 80 ಕಿ.ಮೀ., ಟ್ಯಾಂಕರ್ ಮತ್ತು ಡಂಪರಿಗೆ 60 ಕಿ.ಮೀ. ಮಿತಿ. ಲೋಡ್ ತುಂಬಿದ ಗಾಡಿ ಘಾಟಿ ಇಳಿಯುವಾಗ ವೇಗ ಎಷ್ಟಿದೆ ಎಂದು ಡ್ರೈವರಿಗೆ ಗೊತ್ತಿರಲೇಬೇಕು. ಮೀಟರ್ ಸತ್ತ ಗಾಡಿಯನ್ನು ಹಾಗೆಯೇ ಟ್ರಿಪ್ಪಿಗೆ ಕಳಿಸಬೇಡಿ.

ಕೆಲಸ ಮುಗಿದ ದಿನಾಂಕ, ಮೀಟರ್ ನಿಂತಾಗಿನ ಕಿಲೋಮೀಟರ್, ಹೊಸ ಸೆನ್ಸರಿನ ಪಾರ್ಟ್ ನಂಬರ್ ಮೂರನ್ನೂ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮೀಟರ್ ಸತ್ತಿದ್ದಾಗ ಓಡಿದ ದೂರವನ್ನು ಟ್ರಿಪ್ ಶೀಟ್ ನೋಡಿ ಅಂದಾಜಿಸಿ, ಮುಂದಿನ ಆಯಿಲ್ ಬದಲಾವಣೆಯನ್ನು ಅಷ್ಟು ಮುಂಚೆಯೇ ಮಾಡಿಸಿ. ಮೂರು ನಾಲ್ಕು ದಿನ ಓಡಿದ ಮೇಲೆ ಸೆನ್ಸರಿನ ಬುಡವನ್ನು ಒಣ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ಬಟ್ಟೆಗೆ ಆಯಿಲ್ ಹತ್ತಿದರೆ ಓ-ರಿಂಗ್ ಸರಿಯಾಗಿ ಕೂತಿಲ್ಲ, ಬಿಚ್ಚಿ ಇನ್ನೊಂದು ಹಾಕಿ.